ಮೊಬೈಲಿನಲ್ಲಿ ಕಲಿತ ಕೈಮಾತು

ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು ವೈದ್ಯರು ಹೇಳಿದಾಗ ಅವಳಿಗೆ ಮೂರು ವರ್ಷ ತುಂಬಿತ್ತು. ಸಿಂಧನೂರಿನ ಮನೆಯಲ್ಲಿ ನಾನು, ಅತ್ತೆ ಮತ್ತು ಅವಳು. ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಗಾರ. ಅಲ್ಲಿಯೇ ಇದ್ದು ವಾರದ ರಜೆಗೆ ಬರುತ್ತಾರೆ.

ಏನಾದರೂ ಬೇಕಾದರೆ ಮಗಳು ನನ್ನ ಸೆರಗು ಹಿಡಿದು ಎಳೆದೊಯ್ದು ತೋರಿಸುತ್ತಿದ್ದಳು. ತೋರಿಸಲಾಗದ್ದನ್ನು ಹೇಳಬೇಕಾದಾಗ ನೆಲಕ್ಕೆ ಬಿದ್ದು ಅಳುತ್ತಿದ್ದಳು. ಹೊಟ್ಟೆನೋವೋ, ಹೆದರಿಕೆಯೋ, ನಮಗೆ ತಿಳಿಯುತ್ತಿರಲಿಲ್ಲ. ಅವಳ ಜೊತೆ ನಾನೂ ಅಳುತ್ತಿದ್ದೆ.

ಆಗ ನನ್ನ ಮೊಬೈಲಿನಲ್ಲಿ ಮಧ್ಯಾಹ್ನವೆಲ್ಲ ಓಡುತ್ತಿದ್ದುದು ಧಾರಾವಾಹಿ. ಒಂದು ದಿನ ಸುಮ್ಮನೆ ಬೆರಳಾಡಿಸುತ್ತಿದ್ದಾಗ, ಬಾಯಿ ತೆರೆಯದೆ ಕೈಯಲ್ಲೇ ಕಥೆ ಹೇಳುವ ಹೆಣ್ಣುಮಗಳೊಬ್ಬಳ ವಿಡಿಯೊ ಬಂತು. ತೊಡೆಯ ಮೇಲಿದ್ದ ಮಗಳು ಅದರಿಂದ ಕಣ್ಣು ಕೀಳಲಿಲ್ಲ. ಅಂದಿಗೆ ನನ್ನ ಧಾರಾವಾಹಿ ನಿಂತಿತು. ಸನ್ನೆಭಾಷೆ ಕಲಿಸುವ ವಿಡಿಯೊಗಳನ್ನು ಹುಡುಕಿ ಹುಡುಕಿ ನೋಡತೊಡಗಿದೆ. ನೀರು, ಊಟ, ನೋವು, ಬಾ, ಬೇಡ. ಒಂದೊಂದನ್ನೂ ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ಮಾಡಿ ನೋಡುತ್ತಿದ್ದೆ.

"ಏನವ್ವಾ, ಒಬ್ಬಾಕಿನ ಕುಂತು ಕೈ ತಿರುವಾಕತ್ತೀದಿ?" ಎಂದರು ಅತ್ತೆ.

"ಕೂಸಿನ ಮಾತು ಕಲಿಯಾಕತ್ತೀನಿ, ಅತ್ತಿ."

"ಹಂಗಾದ್ರ ನನಗೂ ಕಲಸು. ನಾ ಏನು ಆಕಿ ಕೂಡ ಮಾತಾಡಬಾರದೇನು?"

ಹೊಲದ ಕೆಲಸದಲ್ಲಿ ಬಿಗಿದ ಅವರ ಬೆರಳು ಬೇಗ ಬಾಗುತ್ತಿರಲಿಲ್ಲ. ಆದರೂ ರೊಟ್ಟಿ ಬಡಿಯುವುದರ ನಡುವೆ ಹಿಟ್ಟಿನ ಕೈಯಲ್ಲೇ ಮೊಮ್ಮಗಳಿಗೆ ಸನ್ನೆ ಮಾಡುತ್ತಿದ್ದರು. ನಮ್ಮಿಬ್ಬರನ್ನು ನೋಡಿ ನೋಡಿ ಅವಳೂ ಕೈ ಆಡಿಸತೊಡಗಿದಳು.

ಒಂದು ಸಂಜೆ ಮಗಳು ಅಪ್ಪನ ಮಂಚದ ಹತ್ತಿರ ನಿಂತು ಕೈ ಆಡಿಸಿದಳು. 'ಅಪ್ಪ, ಎಲ್ಲಿ?' ಅದು ಅವಳ ಮೊದಲ ಪ್ರಶ್ನೆ. ನಾನು ಅಲ್ಲೇ ಗಂಡನಿಗೆ ವಿಡಿಯೊ ಕರೆ ಮಾಡಿದೆ. ಹಿಂದೆಲ್ಲ ಅಪ್ಪನ ಮುಖ ಕಂಡರೂ ಗಳಿಗೆಯಲ್ಲಿ ಎದ್ದು ಹೋಗುತ್ತಿದ್ದವಳು, ಅಂದು ಅದೇ ಪ್ರಶ್ನೆಯನ್ನು ಅವರಿಗೇ ಕೇಳಿದಳು. ಏನು ಕೇಳುತ್ತಿದ್ದಾಳೆಂದು ನಾನು ಬಿಡಿಸಿ ಹೇಳಿದೆ. ಎಲ್ಲಿ ಕಲಿತಳೆಂದು ಅವರು ಕೇಳಿದಾಗ ವಿಡಿಯೊಗಳ ಕಥೆ ಹೇಳಿದೆ.

"ಆ ವಿಡಿಯೊ ಎಲ್ಲಾ ನನಗೂ ಕಳಸು," ಎಂದರು.

ಅವರೂ ಶಿಫ್ಟು ಮುಗಿಸಿ ಬಂದು ಕ್ವಾರ್ಟರ್ಸಿನಲ್ಲಿ ಕೂತು ಕಲಿತರು. ಅಪ್ಪ–ಮಗಳು ಫೋನಿನಲ್ಲಿ ಹರಟೆ ಹೊಡೆಯುವುದು ನಮ್ಮ ಮನೆಯ ದಿನದ ಮಾತಾಯಿತು.

ಮಗಳು ಶಾಲೆಗೆ ಸೇರಿದ ಮೇಲೆ, ಕಳೆದ ದೀಪಾವಳಿಗೆ ಅವರಿಗೆ ರಜೆ ಸಿಗಲಿಲ್ಲ. ನಾವೇ ಹಟ್ಟಿಗೆ ಹೊರಟೆವು. ಮಸ್ಕಿ ದಾಟಿ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ಒಬ್ಬ ತರುಣಿ ತನ್ನ ಗಂಡನೊಡನೆ ಸನ್ನೆಯಲ್ಲಿ ಮಾತಾಡುತ್ತಿದ್ದಳು. ಮಗಳು ನನ್ನ ಕೈ ಬಿಡಿಸಿಕೊಂಡು ಹೋಗಿ ಅವಳೆದುರು ನಿಂತಳು. 'ನಿನ್ನ ಹೆಸರೇನು?'

ಆ ತರುಣಿ ನಕ್ಕು ಹೆಸರು ಹೇಳಿದಳು. ಆಮೇಲೆ ಅವರಿಬ್ಬರ ಕೈ ನಿಲ್ಲಲೇ ಇಲ್ಲ. ತನ್ನ ಶಾಲೆ, ಮನೆಯ ಕರು, ಅಪ್ಪನ ಗಣಿ, ಎಲ್ಲವನ್ನೂ ಹೇಳಿದಳು ನನ್ನ ಮಗಳು. ಅವರ ಕೆಲವು ಸನ್ನೆ ನನಗೇ ತಿಳಿಯದಷ್ಟು ವೇಗವಾಗಿದ್ದವು. ಯಾರು ಕಲಿಸಿದರು ಎಂದು ತರುಣಿ ಕೇಳಿದಾಗ ಮಗಳು ನನ್ನತ್ತ ಬೆರಳು ಮಾಡಿದಳು. ನಾನು ಮೊಬೈಲು ಎತ್ತಿ ತೋರಿಸಿದೆ. ತರುಣಿ ಎರಡೂ ಕೈ ಮೇಲೆತ್ತಿ ಅಲುಗಾಡಿಸಿದಳು. ಅದು ಸನ್ನೆಭಾಷೆಯ ಚಪ್ಪಾಳೆ.

ಸುತ್ತ ಜನ ನಿಂತು ನೋಡುತ್ತಿದ್ದರು. "ಮೂಗ ಕೂಸೇನ್ರಿ?" ಎಂದು ಯಾರೋ ಮರುಗಿದರು.

ಅತ್ತೆ ತಟ್ಟನೆ ತಿರುಗಿದರು. "ಮೂಗ ಯಾಕ ಆಗ್ತಾಳ್ರಿ? ಅಷ್ಟೊತ್ತಿಂದ ಮಾತಾಡಾಕತ್ತಾಳ, ನಿಮಗ ಕಾಣವಲ್ದೇನು?"

ಈಗ ಆ ತರುಣಿ ಭಾನುವಾರ ಭಾನುವಾರ ವಿಡಿಯೊ ಕರೆ ಮಾಡುತ್ತಾಳೆ. ಮಗಳು ಅವಳಿಂದ ಕಲಿತದ್ದನ್ನು ನಮಗೆ ಕಲಿಸುತ್ತಾಳೆ. ತಪ್ಪಿದರೆ ನಮ್ಮ ಬೆರಳು ಹಿಡಿದು ತಿದ್ದುತ್ತಾಳೆ.

"ಈ ವಯಸ್ಸಿನ್ಯಾಗ ಮೊಮ್ಮಗಳ ಕೈಲೆ ಬೈಸಿಕೊಳ್ಳಾಕತ್ತೀನಿ ನೋಡ್ರಿ," ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬರುತ್ತಾರೆ.