ರೇಸ್ ಕೊಡುವ ಕಾಲು

ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಕುರ್ಚಿಯಲ್ಲಿ ಕೂತರೂ ಅಲ್ಲಾಡಿಸುತ್ತಿರುತ್ತೇನೆ. ಹಾಗೆ ಮಾಡಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆಂದು ಅವ್ವ ಬೈಯುತ್ತಿದ್ದಳು. ಲಕ್ಷ್ಮಿ ನಮ್ಮ ಮನೆಗೆ ಬಂದದ್ದು ಯಾವಾಗ ಎಂಬುದೇ ಗೊತ್ತಿರದ ಕಾರಣ ನಾನು ಹೆದರಲಿಲ್ಲ. ನನ್ನ ನಾಲಿಗೆಯೂ ಆ ಕಾಲಿನ ಒಡಹುಟ್ಟಿದ್ದೇ. ಹೊಸಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಇತಿಹಾಸ ಹೇಳಿ ಹೇಳಿ, ಎದುರಿನವರು ಸುಮ್ಮನೆ ಕೂತರೆ ಇವರಿಗೆ ಪಾಠ ತಿಳಿಯಲಿಲ್ಲವೇನೋ ಎಂಬ ಅನುಮಾನ ಬರುತ್ತದೆ. ಕೂಡಲೇ ಮೊದಲಿನಿಂದ ಶುರು ಮಾಡುತ್ತೇನೆ. ಈ ಎರಡು ಅಂಗಗಳಿಂದ ಎಂಥ ತೊಂದರೆಯಾಗಬಹುದೆಂದು ತಿಳಿದದ್ದು ಈಚೆಗೆ, ಕಂಪ್ಲಿಯ ಭಾವನ ಕಾರಿನಿಂದ.

ಭಾವ ಎಂದರೆ ನಮ್ಮ ಗಿರಿಜಕ್ಕನ ಗಂಡ. ಅಕ್ಕಿ ಗಿರಣಿ ನಡೆಸುತ್ತಿದ್ದರು. ಈ ವರ್ಷ ಒಂದು ಮಧ್ಯಾಹ್ನ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಾತಾಡಿಸಲು ಬಂದವರೆಲ್ಲ ಅಕ್ಕನಿಗೆ "ಗಟ್ಟಿ ಆಗಬೇಕ್ರಿ, ಮಕ್ಕಳ ಮುಖ ನೋಡ್ರಿ" ಎಂದರು. ಅವಳು ಗಟ್ಟಿಯಾದಳು. ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಭಾವನ ಮಾತನ್ನೇ ಎತ್ತಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಎಲ್ಲವನ್ನೂ ಒಳಗೇ ಇಟ್ಟುಕೊಂಡರೆ ಒಂದು ದಿನ ಇವಳೂ ಹಾಗೇ ಕುಸಿದು ಕೂತುಬಿಡುತ್ತಾಳೆ ಎನಿಸಿತು. ನನಗೆ ಗೊತ್ತಿದ್ದ ಔಷಧಿ ಒಂದೇ, ಮಾತು. ದಿನಾ ಫೋನ್ ಮಾಡಿದೆ. ಭಾನುವಾರ ಬಂತೆಂದರೆ ಕಂಪ್ಲಿಗೆ ಹೋದೆ. ಸಂಡೂರಿನ ಗುಡ್ಡ ತೋರಿಸಿಕೊಂಡು ಬಂದೆ, ದಾರಿಯುದ್ದಕ್ಕೂ ನಗೆಚಾಟಿಕೆ ಹೇಳಿದೆ. ಅವಳು ಪಾಪ, ಎಲ್ಲದಕ್ಕೂ ನಕ್ಕಳು. ಅವಳು ಸುಮ್ಮನಾಗುವ ಲಕ್ಷಣ ಕಂಡ ಕೂಡಲೇ ನಾನು ಇನ್ನೊಂದು ಕಥೆ ತೆಗೆಯುತ್ತಿದ್ದೆ.

ನಮ್ಮಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ತವರಿನವರು ಕರೆತಂದು ಒಂದು ಊಟ ಹಾಕುತ್ತಾರೆ. ಅದಾದ ಮೇಲೆಯೇ ಅವಳು ಬೇರೆಯವರ ಮನೆಗೆ ಹೋಗಿ ಬಂದು ಮಾಡುವುದು. ಅಪ್ಪ ಅವ್ವ ಇಲ್ಲದ್ದರಿಂದ ತವರು ಎಂದರೆ ಈಗ ಹೊಸಪೇಟೆಯ ನನ್ನ ಮನೆಯೇ. ಬಾಡಿಗೆ ಕಾರು ತರುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. "ಅವರ ಕಾರಿನ್ಯಾಗ ಬರ್ತೀನಿ. ನೀನ ನಡಸು" ಎಂದಳು. ಅಷ್ಟು ದಿನಗಳಲ್ಲಿ ಭಾವನ ಬಗ್ಗೆ ಅವಳಾಡಿದ ಮೊದಲ ಮಾತು ಅದು. ಆಗಲೇ ಕಿವಿಗೊಡಬೇಕಿತ್ತು. ನಾನು ಕಾರಿನ ಕೀಲಿ ಎಲ್ಲಿ ಎಂದು ಕೇಳಿದೆ.

ಕಾರು ಗಿರಣಿಯ ಶೆಡ್ಡಿನಲ್ಲಿ ತೌಡಿನ ದೂಳು ಹೊದ್ದುಕೊಂಡು ನಿಂತಿತ್ತು. ಕೀಲಿ ತಿರುಗಿಸಿದರೆ ಟಿಕ್ ಎಂದಿತಷ್ಟೇ. ಯಾರೂ ಮುಟ್ಟದೆ ಬ್ಯಾಟರಿ ಸತ್ತುಹೋಗಿತ್ತು. ಬ್ಯಾಟರಿ ಅಂಗಡಿಯವರು ಬಂದು ಹೊಸದು ಕೂರಿಸಿದರು. ಕಾರಿನ ಗಡಿಯಾರ ಹನ್ನೆರಡಕ್ಕೆ ಹೋಗಿ ನಿಂತಿತು. ಭಾವ ಹಾಕಿಟ್ಟಿದ್ದ ಸ್ಟೇಷನ್ನುಗಳೆಲ್ಲ ರೇಡಿಯೊಗೆ ಮರೆತುಹೋದವು. ಎಂಜಿನ್ನೇನೋ ಚಾಲು ಆಯಿತು, ಗೇಟು ದಾಟುವಷ್ಟರಲ್ಲಿ ಬಂದ್ ಆಯಿತು. "ಹಳೇ ಗಾಡಿ ಸರ. ನಿಂತಾಗ ಚೂರು ರೇಸ್ ಕೊಟ್ಕಂತ ಇರ್ರಿ" ಎಂದರು ಅಂಗಡಿಯವರು. ರೇಸ್ ಕೊಡುವುದೆಂದರೆ ಆಕ್ಸಿಲರೇಟರ್ ಒತ್ತುವುದು. ನನ್ನ ಬಲಗಾಲಿಗೆ ಹೇಳಿಮಾಡಿಸಿದ ಕೆಲಸ.

ಆದರೆ ಮೂರು ಪೆಡಲ್ಲಿಗೆ ಎರಡೇ ಕಾಲು. ರಸ್ತೆ ಉಬ್ಬು ಬಂದರೆ, ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದರೆ ಬ್ರೇಕಿಗೆ ಕಾಲಿಡಬೇಕು. ಇಟ್ಟರೆ ಎಂಜಿನ್ ಬಂದ್. ಹ್ಯಾಂಡ್‌ಬ್ರೇಕ್ ಎಳೆದು, ಕಾಲಲ್ಲಿ ರೇಸ್ ಕೊಟ್ಟು, ಸರ್ಕಸ್ ಮಾಡುತ್ತ ಹೊರಟೆ. ಜೊತೆಗೆ ಪಾಠವೂ ನಡೆದಿತ್ತು. ಹಂಪಿಯ ಅರಸರು ತೋಡಿಸಿದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುವ ವಿಷಯ. "ನೋಡಕ್ಕಾ, ಅರಸರು ಹೋದ್ರು, ನೀರು ನಿಲ್ಲಲಿಲ್ಲ" ಎಂದ ಮೇಲೆ ಯಾರ ಮುಂದೆ ಏನು ಹೇಳಿದೆನೆಂದು ಹೊಳೆದು, ಅದನ್ನು ಮುಚ್ಚಲು ಇನ್ನಷ್ಟು ಮಾತಾಡಿದೆ.

ಕಮಲಾಪುರದಲ್ಲಿ ಬಸ್ಸಿನ ಮುಂದೆ ಕಾರು ಬಂದ್ ಆಯಿತು. ಹಿಂದೆ ಹಾರ್ನುಗಳ ಮೇಳ. ನಾಲ್ಕು ಜನ ಸೇರಿ ಬಾಳೆತೋಟದ ಬದಿಗೆ ತಳ್ಳಿಕೊಟ್ಟರು. ನಾನು ಬಾನೆಟ್ ಎತ್ತಿದೆ. ಬ್ಯಾಟರಿಯ ವೈರು ಅಲ್ಲಾಡಿಸಿ ನೋಡಿದೆ, ಬಿಗಿಯಾಗಿಯೇ ಇತ್ತು. ಪೆಟ್ರೋಲೂ ಇತ್ತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

"ಬಾನೆಟ್ ಹಾಕಿ ಒಳಗ ಬಾ" ಎಂದಳು ಅಕ್ಕ. "ಎಸಿ ಬಂದ್ ಮಾಡು. ಗಾಡಿ ಚಾಲು ಮಾಡಿ ಕಾಲು ತೆಗಿ."

"ಬಂದಾಗ್ತದಲ್ಲಕ್ಕಾ."

"ಆಗಲಿ. ಮತ್ತ ಚಾಲು ಮಾಡು. ಅವರು ಬ್ಯಾಟರಿ ಬದಲಿ ಮಾಡಿದಾಗೆಲ್ಲ ಗಾಡಿ ಚಾಲು ಇಟ್ಟು ಅಂಗಳದಾಗ ಸುಮ್ಮ ಕುಂದರ್ತಿದ್ರು. ಯಾಕ್ರಿ ಪೆಟ್ರೋಲ್ ಸುಡ್ತೀರಿ ಅಂತ ನಾ ಬೈತಿದ್ದೆ. ಬ್ಯಾಟರಿ ತೆಗೆದ್ರ ಅದಕ್ಕ ಎಲ್ಲಾ ಮರತು ಹೋಗ್ತದಂತ. ಸುಮ್ಮ ನಿಂತಾಗ ಎಂಜಿನ್ನಿಗೆ ಎಷ್ಟು ಗಾಳಿ ಬೇಕು ಅನ್ನೋದು ತಾನ ಮತ್ತ ಕಲೀಬೇಕಂತ. ನಾವು ರೇಸ್ ಕೊಟ್ಕಂತ ಕುಂತ್ರ ಅದು ಕಲಿಯಂಗಿಲ್ಲಂತ."

ಚಾಲು ಮಾಡಿದೆ, ಬಂದಾಯಿತು. ಮತ್ತೆ ಮಾಡಿದೆ, ನಡುಗಿ ಬಂದಾಯಿತು. ಆಮೇಲಿನ ಸಲ ಎಂಜಿನ್ನಿನ ಸದ್ದು ಪಾತಾಳಕ್ಕಿಳಿದು, ಇನ್ನೇನು ಹೋಯಿತು ಎನ್ನುವಾಗ ಸಾವರಿಸಿಕೊಂಡಿತು. ನನಗೆ ಖುಷಿಯಾಗಿ, "ಹಂಗಾದ್ರ ಅಕ್ಕಾ, ಈ ಗಾಡಿ..." ಎಂದು ಬಾಯಿ ತೆರೆದೆ.

"ನೀನೂ ಸುಮ್ಮ ಕುಂದ್ರು ತಮ್ಮಾ" ಎಂದಳು, ಮೆತ್ತಗೆ. "ನಿನ್ನ ಮಾತಿನ್ಯಾಗ ನನಗ ಅವರನ್ನ ನೆನಸಾಕ ಪುರುಸೊತ್ತ ಆಗಿಲ್ಲ."

ಸುಮ್ಮನೆ ಕೂತೆ. ಎಂಜಿನ್ ಒಮ್ಮೆ ಇಳಿಯುತ್ತಿತ್ತು, ಒಮ್ಮೆ ಏರುತ್ತಿತ್ತು. ರಿಪೇರಿಗೆಂದು ಬಂದ್ ಮಾಡಿದ ಕಾಲುವೆಗೆ ನೀರು ಬಿಟ್ಟಾಗ ಅದು ಕೂಡಲೇ ಮುಂದೆ ಓಡುವುದಿಲ್ಲ. ಒಣಗಿದ ನೆಲ ಮೊದಲು ಕುಡಿಯುತ್ತದೆ. ಕೊನೆಯ ಗದ್ದೆಯವರು ದಡದಲ್ಲಿ ಕೂತು ಕಾಯುತ್ತಾರೆಯೇ ಹೊರತು ನೀರಿಗೆ ಸಮಾಧಾನ ಹೇಳುವುದಿಲ್ಲ. ಇದೆಲ್ಲ ಹೊಳೆಯಿತು, ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ಅಳುವುದಕ್ಕೆ ಶುರು ಮಾಡಿದ್ದಳು. ಸೆರಗನ್ನು ಬಾಯಿಗೆ ಹಿಡಿದು, ಭುಜ ಅಲುಗುವಂತೆ ಅತ್ತಳು. ನನ್ನ ಬಲಗಾಲು ತಾನಾಗಿ ಆಕ್ಸಿಲರೇಟರಿನ ಕಡೆ ಸರಿಯಿತು. ಅದನ್ನು ಎಳೆದು ಸೀಟಿನ ಕೆಳಗೆ ಮಡಚಿಟ್ಟುಕೊಂಡೆ. ಹೊಸದಾಗಿ ಡ್ರೈವಿಂಗ್ ಕಲಿತ ನನ್ನ ಪಕ್ಕದಲ್ಲಿ ಇದೇ ರಸ್ತೆಯಲ್ಲಿ ಕೂತು, ಒಂದೂ ಮಾತು ಬೈಯದೆ ತಿದ್ದಿದವರು ಭಾವ. ಅವರು ನನಗೂ ಇಲ್ಲವಾಗಿದ್ದಾರೆ ಎಂಬುದು ಆಗ ತಟ್ಟಿತು. ನಾನೂ ಅತ್ತೆ.

ಎಷ್ಟು ಹೊತ್ತಾಯಿತೋ, ಗಡಿಯಾರ ನಂಬುವ ಹಾಗಿರಲಿಲ್ಲ. ಎಂಜಿನ್ ಒಂದೇ ಸಮನೆ ಓಡುತ್ತಿರುವುದು ನನಗೆ ಗೊತ್ತಾದದ್ದು ತಡವಾಗಿ. ಅಕ್ಕ ಮುಖ ಒರೆಸಿಕೊಂಡು ಬಾಳೆತೋಟದ ಕಡೆ ನೋಡುತ್ತ, "ಇಷ್ಟೊತ್ತಿಗೆ ಅವರು ಚಾ ಕೇಳ್ತಿದ್ರು" ಎಂದಳು.

ಚಹಾ ನಮ್ಮ ದೇಶಕ್ಕೆ ಬಂದ ಇತಿಹಾಸ ನನಗೆ ಸಾಕಷ್ಟು ಗೊತ್ತು. ಹೇಳಲಿಲ್ಲ.