ಮೂವತ್ತು ಹೆಜ್ಜೆಯ ರಾಜಧಾನಿ

ನಾನು ಕಟ್ಟಿದ ಊರಿನಲ್ಲಿ ಜನ ಸಾಯತೊಡಗಿದ್ದು ಒಂದು ಶನಿವಾರ ಮಧ್ಯಾಹ್ನ. ಊಟ ಮುಗಿಸಿ ಬಂದು ಪರದೆ ನೋಡಿದೆ. ಕೋಟೆಯ ಬಾಗಿಲಲ್ಲಿ ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು. ಕೊಡಲಿ ಹಿಡಿದ ಹತ್ತು ಹದಿನೈದು ಮಂದಿ ಬಾಗಿಲ ಎರಡೂ ಬದಿಗೆ ನಿಂತು, ಒಳಗಿನಿಂದ ಯಾರು ಕಾಲು ಹೊರಗಿಟ್ಟರೂ ಕಡಿದು ಹಾಕುತ್ತಿದ್ದರು.

ಇದು ಆಟದೊಳಗಿನ ಊರು. ಸೀವುಡ್ಸ್ ಸ್ಟೇಷನ್ನಿನ ಎದುರಿನ ಕಟ್ಟಡವೊಂದರಲ್ಲಿ ನಮ್ಮ ಚಿಕ್ಕ ಕಂಪನಿ ಇದೆ. ಕತ್ತಿ, ಮಂತ್ರ, ರಾಕ್ಷಸರು ಇರುವ, ಎಲ್ಲೆಲ್ಲಿಂದಲೋ ಜನ ಇಂಟರ್‌ನೆಟ್ಟಿನಲ್ಲಿ ಸೇರಿ ಆಡುವ ಒಂದು ಆಟವನ್ನು ನಾವು ನಡೆಸುತ್ತೇವೆ. ಅದರ ಊರುಗಳನ್ನು ಕಟ್ಟುವುದು ನನ್ನ ಕೆಲಸ. ಬೀದಿ ಎಲ್ಲಿ, ಕಮ್ಮಾರಸಾಲೆ ಎಲ್ಲಿ, ಬಾಗಿಲು ಎಷ್ಟು ಅಗಲ, ಎಲ್ಲವೂ ನನ್ನದೇ. ಆರ್ಕಿಟೆಕ್ಚರ್ ಓದಿದವಳು ನಾನು. ನಿಜವಾದ ಗೋಡೆ ಎಬ್ಬಿಸುವ ಕೆಲಸ ಸಿಗದೆ ಇಲ್ಲಿಗೆ ಬಂದವಳು.

ಹಳೆಯ ರಾಜಧಾನಿ ನೋಡಲು ಚೆಂದವಿತ್ತು, ಬಳಸಲು ಕಷ್ಟವಿತ್ತು. ರಾಕ್ಷಸನನ್ನು ಕೊಂದು ಚೀಲ ತುಂಬಿಸಿಕೊಂಡು ಬಂದವರು ಅದನ್ನು ಇಡಲು ಗುಡ್ಡದ ಮೇಲಿನ ಉಗ್ರಾಣಕ್ಕೆ ಹೋಗಬೇಕು. ಕತ್ತಿ ಸರಿ ಮಾಡಿಸಲು ಹೊಳೆಬದಿಗೆ ಇಳಿಯಬೇಕು. ಬೇರೆ ದೇಶಕ್ಕೆ ಹಾರುವ ಮಾಯಾದ್ವಾರ ಕೋಟೆಯ ಆಚೆ ಎಲ್ಲೋ ಇತ್ತು. ಆಡುವವರು ದಿನವೂ ಬೈದು ಬರೆಯುತ್ತಿದ್ದರು. ನಮ್ಮ ಬಾಸ್ ಹುಬ್ಬಳ್ಳಿ ಕಡೆಯವರು, ಕಲ್ಯಾಣದಲ್ಲಿ ಮನೆ. ಅವರು ನನ್ನನ್ನು ಕರೆದು ಹೇಳಿದರು: "ನೋಡ್ರಿ ಮೇಡಂ, ಮಂದಿ ಆಡಾಕ ಬರ್ತಾರ, ಅಡ್ಡಾಡಾಕ ಬರೂದಿಲ್ಲ. ಎಲ್ಲಾ ಒಂದ ಕಡೆ ತಂದ್ ಹಾಕ್ರಿ."

ತಂದು ಹಾಕಿದೆ. ಕೋಟೆಯ ಹೆಬ್ಬಾಗಿಲಿನ ಒಳಗೇ ಒಂದು ಚೌಕ. ಅದರ ಸುತ್ತ ಉಗ್ರಾಣ, ಕಮ್ಮಾರ, ಸಂತೆ, ಮಾಯಾದ್ವಾರ. ಸತ್ತವರು ಮತ್ತೆ ಎದ್ದು ಬರುವ ಕಟ್ಟೆಯನ್ನೂ ಅಲ್ಲೇ ಕೂರಿಸಿದೆ. ಯಾವುದರಿಂದ ಯಾವುದಕ್ಕೂ ಮೂವತ್ತು ಹೆಜ್ಜೆಗಿಂತ ಹೆಚ್ಚಿಲ್ಲ. ಒಂದೇ ದೊಡ್ಡ ಬಾಗಿಲಿದ್ದರೆ ಗಂಭೀರವಾಗಿ ಕಾಣುತ್ತದೆಂದು ಉಳಿದವನ್ನು ಮುಚ್ಚಿದೆ. ಮೊದಲ ಕೆಲವು ದಿನ ಹೊಗಳಿಕೆಯೋ ಹೊಗಳಿಕೆ. ದಿವಾ ಎಂಬಲ್ಲಿನ ನಮ್ಮ ಒಂದು ಕೋಣೆಯ ಮನೆಯಲ್ಲಿ ಅಮ್ಮನಿಗೆ ಅದನ್ನೆಲ್ಲ ಓದಿ ಹೇಳಿದ್ದೆ.

ಶನಿವಾರ ಆಟದಲ್ಲಿ ಯುದ್ಧದ ದಿನ. ಆ ದಿನ ಊರೊಳಗೂ ಕೊಲ್ಲಬಹುದು. ಹಳೆಯ ಊರಿನಲ್ಲಿ ಕೊಲ್ಲುವವರು ಬೀದಿ ಬೀದಿ ಹುಡುಕಬೇಕಿತ್ತು. ಈಗ ಬಾಗಿಲಲ್ಲಿ ನಿಂತರೆ ಸಾಕಾಯಿತು. ಹೊರಗೆ ಓಡಿದವರ ಕುತ್ತಿಗೆಗೆ ಕೊಡಲಿ, ಒಳಗೆ ಉಳಿದವರ ಮೇಲೆ ಬೆಂಕಿ. ಸತ್ತವರು ಕಟ್ಟೆಯ ಮೇಲೆ ಎದ್ದ ಕೂಡಲೇ ಎದೆಗೆ ಬಾಣ. ಎದ್ದರು, ಸತ್ತರು, ಮತ್ತೆ ಎದ್ದರು, ಮತ್ತೆ ಸತ್ತರು. ಆಟಕ್ಕೆ ಹೊಸದಾಗಿ ಸೇರಿದ ಒಬ್ಬರು ಮರದ ದೊಣ್ಣೆ ಹಿಡಿದುಕೊಂಡು ಬಾಗಿಲ ಕಡೆ ಓಡುವುದು, ಎರಡು ತುಂಡಾಗಿ ಬೀಳುವುದು, ಪುನಃ ಓಡುವುದು. ಕೊನೆಗೆ ಹಿಂದಿಯಲ್ಲಿ ಬರೆದರು: ಅಣ್ಣಂದಿರೇ, ನನಗೆ ಹೊರಗೆ ಹೋಗಬೇಕು ಅಷ್ಟೆ. ಬಾಗಿಲಲ್ಲಿದ್ದವನೊಬ್ಬ ನಗುವ ಮುಖ ಹಾಕಿ ಅವರ ತಲೆ ಹಾರಿಸಿದ.

"ಏನ್ ಕೂಡ್ಯಾರ್ರೀ ಮಂದಿ!" ಎಂದರು ಬಾಸ್ ನನ್ನ ಹಿಂದೆ ನಿಂತು.

"ಸರ್, ಇದು ಅನ್ಯಾಯ ಅಲ್ವಾ?"

"ಯುದ್ಧ ಅಂದ್ರ ಹಿಂಗ ಇರ್ತದ. ನಿಮ್ಮ ಊರಾಗ ಏನೂ ತಪ್ಪಿಲ್ಲ ಬಿಡ್ರಿ."

ನನಗೂ ಹಾಗೇ ಅನ್ನಿಸಿತು. ಊರು ಸರಿಯಾಗಿದೆ, ಬಾಗಿಲಲ್ಲಿ ನಿಂತವರು ದುಷ್ಟರು. ಸುಳ್ಳು ಹೇಳುವುದಿಲ್ಲ, ಒಂದು ಗಂಟೆ ಕುರ್ಚಿ ಬಿಟ್ಟು ಏಳದೆ ಆ ಕೊಲೆಗಳನ್ನು ನೋಡಿದೆ. ಹಿತವಾಗಿತ್ತು.

ಸೋಮವಾರ ಬೆಳಿಗ್ಗೆ ದಿವಾ ಸ್ಟೇಷನ್ನಿನಲ್ಲಿ ನಿಂತೆ. ಅಲ್ಲಿಂದ ಠಾಣೆ ಎಂಬ ಊರು, ಠಾಣೆಯಲ್ಲಿ ಗಾಡಿ ಬದಲಿಸಿ ಸೀವುಡ್ಸ್. ಲೋಕಲ್ ಗಾಡಿಯ ಹೆಂಗಸರ ಡಬ್ಬಿಯ ಬಾಗಿಲಲ್ಲಿ ಹಿಂದಿನ ಸ್ಟೇಷನ್ನುಗಳಲ್ಲಿ ಹತ್ತಿದ ಡೊಂಬಿವಿಲಿಯವರು, ಕಲ್ಯಾಣದವರು ಮೊದಲೇ ನಿಂತುಬಿಟ್ಟಿರುತ್ತಾರೆ. ದಿವಾದವರು ಹತ್ತಲು ಬಂದರೆ ಮೊಣಕೈ ಅಡ್ಡ ಇಡುತ್ತಾರೆ. ಮೊದಲನೇ ಗಾಡಿ ಹೋಯಿತು. ಎರಡನೆಯದರಲ್ಲಿ ಒಂದು ಕಾಲಿಟ್ಟಿದ್ದೆ. ಯಾರೋ ಎದೆಗೆ ಕೈ ಕೊಟ್ಟು ನೂಕಿದರು, ಪ್ಲಾಟ್‌ಫಾರ್ಮಿನ ಮೇಲೆ ಕುಂಡೆ ಊರಿ ಬಿದ್ದೆ. ಬಾಗಿಲಲ್ಲಿದ್ದವರು ನಕ್ಕರು. ಮೂರನೆಯದರಲ್ಲಿ ಹಿಡಿಯಲು ಕಂಬವೇ ಕೈಗೆ ಸಿಗಲಿಲ್ಲ.

ನಾಲ್ಕನೇ ಗಾಡಿಯ ಬಾಗಿಲಲ್ಲಿ ಹಸಿರು ಚೂಡಿದಾರದ ಹೆಂಗಸೊಬ್ಬರು ನಡುವಿನ ಕಂಬವನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು. ನನ್ನದೇ ವಯಸ್ಸಿರಬಹುದು. ಅವರ ಬೆನ್ನ ಹಿಂದೆ, ಡಬ್ಬಿಯ ಒಳಗೆ, ನಾಲ್ಕು ಜನ ನಿಲ್ಲುವಷ್ಟು ಜಾಗ ಕಾಣುತ್ತಿತ್ತು.

"ಅಂದರ್ ಜಾವ್ ನಾ!" ಒಳಗೆ ಹೋಗಿ ಎಂದು ಕಿರುಚಿದೆ.

"ದಿವಾವಾಲಿ, ಪೀಛೆ ಹಟ್," ಹಿಂದೆ ಸರಿ ಎಂದರು ಅವರು.

ನನ್ನ ಕೈಯಲ್ಲಿ ಬಟ್ಟೆಚೀಲ, ಅದರೊಳಗೆ ಅಮ್ಮ ತುಂಬಿಸಿ ಕೊಟ್ಟ ಮೂರು ಅಂತಸ್ತಿನ ಸ್ಟೀಲ್ ಬುತ್ತಿಪಾತ್ರೆ. ಅದನ್ನು ಎತ್ತಿ ಕಂಬ ಹಿಡಿದ ಆ ಬೆರಳುಗಳ ಮೇಲೆ ಹೊಡೆದೆ. ತಪ್ಪಿ ಬಿದ್ದ ಏಟಲ್ಲ. ನೋಡಿ, ಗುರಿ ಇಟ್ಟು ಹೊಡೆದೆ. ಎಲುಬು ಮುರಿದ ಸದ್ದು ಆ ಗಲಾಟೆಯಲ್ಲೂ ಕೇಳಿಸಿತು. ಅವರ ಹಿಡಿತ ತಪ್ಪಿತು. ಆ ಸಂದಿಯಲ್ಲಿ ನಾನು ನುಗ್ಗಿದೆ. ಅಷ್ಟರಲ್ಲಿ ಗಾಡಿ ಹೊರಟಿತ್ತು, ನಾನು ಒಳಗಿದ್ದೆ, ಅವರ ಅರ್ಧ ದೇಹ ಹೊರಗಿತ್ತು. ಹಿಂದಿದ್ದವರು ಅವರ ದುಪಟ್ಟಾ, ಕೂದಲು, ಸಿಕ್ಕಿದ್ದನ್ನು ಹಿಡಿದು ಒಳಗೆಳೆದರು.

ಆಮೇಲೆ ಎಲ್ಲರೂ ನನ್ನ ಮೇಲೆ ಬಿದ್ದರು. ಕೆನ್ನೆಗೆ, ಹೊಟ್ಟೆಗೆ, ಬೆನ್ನಿಗೆ ಗುದ್ದು. ಚಪ್ಪಲಿಯ ಏಟು ಮೂಗಿಗೆ ಬಿದ್ದು ಬಾಯಿಗೆ ರಕ್ತ ಇಳಿಯಿತು. ನಾನೂ ಸುಮ್ಮನಿರಲಿಲ್ಲ, ಒಬ್ಬರ ಮುಂಗೈಯನ್ನು ಹಲ್ಲು ಊರುವಷ್ಟು ಕಚ್ಚಿದೆ. ಯಾರೋ ನನ್ನ ಎಡಗಿವಿಯ ಜುಮುಕಿ ಹಿಡಿದು ಎಳೆದರು, ಕಿವಿ ಹರಿದು ಎರಡಾಯಿತು. ಮುಂಬ್ರಾ, ಕಳ್ವಾ ಬಂದು ಹೋದದ್ದು ಗೊತ್ತಾಗಲಿಲ್ಲ. ಠಾಣೆ ಸ್ಟೇಷನ್ನಿನಲ್ಲಿ ಇಬ್ಬರನ್ನೂ ಇಳಿಸಿ ರೈಲ್ವೆ ಪೊಲೀಸರ ಚೌಕಿಗೆ ಕರೆದುಕೊಂಡು ಹೋದರು.

ಒಂದೇ ಬೆಂಚಿನ ಎರಡು ತುದಿಗೆ ಕೂತೆವು. ಅವರ ಬೆರಳುಗಳು ಬದನೆಕಾಯಿಯ ಹಾಗೆ ಊದಿ ನೀಲಿಯಾಗಿದ್ದವು. ನಾನು ಕರವಸ್ತ್ರವನ್ನು ಕಿವಿಗೆ ಒತ್ತಿಕೊಂಡಿದ್ದೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು, ನನ್ನ ದನಿ ಕೇಳಿಯೇ ಏನಾಯಿತು ಎಂದರು.

"ಎಂತದೂ ಆಗ್ಲಿಲ್ಲ ಅಮ್ಮ. ಕಿವಿಗೆ ಸ್ವಲ್ಪ ತಾಗಿದೆ, ಅಷ್ಟೆ."

ಬೆಂಚಿನ ಆ ತುದಿಯಿಂದ ಕನ್ನಡ ಕೇಳಿಸಿತು. "ಎಂತದೂ ಆಗ್ಲಿಲ್ವಾ? ಈ ಬೆರಳು ನೋಡಿ ಹೇಳಿ ಅವರಿಗೆ."

ಫೋನ್ ಇಟ್ಟೆ. ಅವರೂ ನಮ್ಮ ಹಾಗೆ ಉಡುಪಿ ಕಡೆಯ ಮನೆಯವರಂತೆ, ಹುಟ್ಟಿ ಬೆಳೆದದ್ದು ಡೊಂಬಿವಿಲಿಯಲ್ಲಿ. ಈ ಠಾಣೆ ಪೇಟೆಯ ಒಂದು ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ.

"ಒಳಗೆ ಜಾಗ ಇತ್ತಲ್ಲ," ಎಂದೆ. "ನಾನು ಕಣ್ಣಾರೆ ನೋಡಿದೆ. ಯಾಕೆ ಬಾಗಿಲಲ್ಲೇ ನಿಲ್ತೀರಿ?"

"ಜಾಗ ಇತ್ತು. ಒಳಗೆ ಹೋದ್ರೆ ಠಾಣೆಯಲ್ಲಿ ಇಳಿಯೋದು ಹೇಗೆ ಹೇಳಿ. ಇಳಿಯಲಿಕ್ಕಾಗದೆ ಎರಡು ಸಲ ಮುಂದಿನ ಮುಲುಂಡ್ ತನಕ ಹೋಗಿದ್ದೇನೆ. ಇಲ್ಲಿ ಲ್ಯಾಬಲ್ಲಿ ಪೇಷಂಟ್ಸ್ ಖಾಲಿ ಹೊಟ್ಟೆಯಲ್ಲಿ ಕೂತಿರ್ತಾರೆ. ನೀವೆಲ್ಲಿ ಇಳಿಯೋದು?"

"ಠಾಣೆಯಲ್ಲೇ."

"ಮತ್ತೆ? ಹತ್ತಿದ ಮೇಲೆ ನೀವೂ ಬಾಗಿಲಲ್ಲೇ ನಿಲ್ತಿದ್ರಿ. ಹೌದೋ ಅಲ್ವೋ?"

ಹೌದು. ಖಂಡಿತ ನಿಲ್ಲುತ್ತಿದ್ದೆ. ಮುಂದಿನ ಸ್ಟೇಷನ್ನಿನಲ್ಲಿ ಹತ್ತಲು ಬಂದವಳ ಎದೆಗೆ ನಾನೂ ಕೈ ಕೊಡುತ್ತಿದ್ದೆ. ಹಿಂದಿನ ವಾರ ಕೊಟ್ಟಿದ್ದೂ ನೆನಪಾಯಿತು.

"ತಪ್ಪಾಯ್ತು," ಎಂದೆ.

"ಈಗ ಅದನ್ನು ಹೇಳ್ಬೇಡಿ. ಸಿಟ್ಟು ಬರ್ತದೆ."

ಕೇಸು ಬೇಡವೆಂದು ಅವರೇ ಪೊಲೀಸರಿಗೆ ಹೇಳಿದರು. ಕರುಣೆಯಿಂದಲ್ಲ, ಕೋರ್ಟಿಗೆ ಅಲೆಯಲು ಪುರಸೊತ್ತಿಲ್ಲ ಎಂದರು. ಎಕ್ಸ್‌ರೇಗೆ ಜೊತೆಗೆ ಹೋದೆ. ಎರಡು ಬೆರಳು ಮುರಿದಿದ್ದವು. ಪ್ಲಾಸ್ಟರ್ ಹಾಕುವಾಗ ಅವರು ನನ್ನ ಕಡೆ ನೋಡಲೇ ಇಲ್ಲ.

ಅಂದೇ ಕಿವಿಗೆ ಹೊಲಿಗೆ ಹಾಕಿಸಿಕೊಂಡು ಮರುದಿನ ಆಫೀಸಿಗೆ ಹೋದೆ. ರಾಜಧಾನಿಯ ನಕ್ಷೆ ತೆರೆದು ಕೋಟೆಗೋಡೆಯಲ್ಲಿ ಇನ್ನೆರಡು ಬಾಗಿಲು ಇಟ್ಟೆ. ಹೊಳೆಬದಿಗೆ ಮತ್ತೊಂದು ಉಗ್ರಾಣ, ಮತ್ತೊಬ್ಬ ಕಮ್ಮಾರ. ಸತ್ತವರು ಏಳುವ ಕಟ್ಟೆಯನ್ನು ನಾಲ್ಕು ಮಾಡಿ ನಾಲ್ಕು ಮೂಲೆಗೆ ಹಾಕಿದೆ. ಬಾಸ್‌ಗೆ ಇಷ್ಟವಾಗಲಿಲ್ಲ.

"ಮಂದಿ ಮತ್ತ ಓಡ್ಯಾಡಬೇಕಾಕ್ಕದಲ್ರಿ ಮೇಡಂ. ಎಲ್ಲಾ ಒಂದ ಕಡೆ ಇದ್ರ ಎಷ್ಟ್ ಅನುಕೂಲ ಇತ್ತು."

"ಎಲ್ಲ ಒಂದೇ ಕಡೆ ಇಟ್ಟು ಬಾಗಿಲು ಒಂದೇ ಕೊಟ್ರೆ, ಎಂಥವರೂ ಅಲ್ಲಿ ನಿಂತು ಕೊಲ್ತಾರೆ ಸರ್. ನಾನೂ ಕೊಲ್ತೇನೆ."

ಅವರು ನನ್ನ ಕಿವಿಯ ಪಟ್ಟಿಯನ್ನೂ ಊದಿದ ಮೂಗನ್ನೂ ನೋಡಿದರು. "ಒಂದ್ ತಿಂಗಳ ನೋಡೂಣು," ಎಂದು ಎದ್ದು ಹೋದರು.

ಕೊಲೆ ನಿಲ್ಲಲಿಲ್ಲ. ಮುಂದಿನ ಶನಿವಾರ ಕೊಡಲಿಯವರು ಮೂರು ಗುಂಪಾದರು, ಗಲ್ಲಿಗಳಲ್ಲಿ ಅಟ್ಟಿಸಿಕೊಂಡು ಹೋಗಿ ಕಡಿದರು. ಆದರೆ ಓಡಿದವರಲ್ಲಿ ಕೆಲವರಿಗೆ ದಾರಿ ಸಿಕ್ಕಿತು. ದೊಣ್ಣೆಯ ಆ ಹೊಸಬರು ಹಿಂಬಾಗಿಲಿನಿಂದ ಪಾರಾಗಿ ಗದ್ದೆ ದಾಟಿ, ಕಾಡಿನ ಅಂಚಿನಲ್ಲಿ ಯಾರದೋ ಬಾಣಕ್ಕೆ ಸತ್ತರು. ಹಳಬರು ಸಿಟ್ಟಾದರು. ಊರು ಕಟ್ಟಿದವಳನ್ನು ಅದೇ ಬಾಗಿಲಿಗೆ ನೇತು ಹಾಕಿ ಎಂದು ಒಬ್ಬ ಬರೆದ. ಕೆಲವರು ಆಟವನ್ನೇ ಬಿಟ್ಟರು. ತಿಂಗಳಾದ ಮೇಲೆ ಬಾಸ್ ಆ ಹೊಸ ಬಾಗಿಲುಗಳಲ್ಲಿ ಒಂದನ್ನು ಮುಚ್ಚಿಸಿದರು, ಒಂದನ್ನು ಉಳಿಸಿದರು. ನಾನು ಜಗಳವಾಡಲಿಲ್ಲ.

ಹೊಲಿಗೆ ಹಾಕಿದ ಕಿವಿ ಅಷ್ಟು ದಿನವಾದರೂ ವಾಸಿಯಾಗದೆ ಕೀವು ಕಟ್ಟಿತು. ಜ್ವರ ಬಿಡದಿದ್ದಾಗ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ದಿವಾದಲ್ಲೇ ಮಾಡಿಸಬಹುದಿತ್ತು. ಠಾಣೆಯ ಆ ಲ್ಯಾಬಿಗೆ ಹೋದೆ. ಅವರು ಕೌಂಟರಿನಲ್ಲಿ ಕೂತು ಚೀಟಿ ಬರೆಯುತ್ತಿದ್ದರು. ಪ್ಲಾಸ್ಟರ್ ತೆಗೆದಾಗಿತ್ತು. ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಪೂರ್ತಿ ನೆಟ್ಟಗೂ ಆಗುತ್ತಿರಲಿಲ್ಲ. ನಾನು ಆ ಬೆರಳುಗಳನ್ನೇ ನೋಡುವುದು ಕಂಡು, ಸೂಜಿ ಹಿಡಿಯಲು ಇನ್ನೂ ಬಿಟ್ಟಿಲ್ಲವೆಂದು ಕೌಂಟರಿನಲ್ಲಿದ್ದ ಪಕ್ಕದವಳು ಹೇಳಿದಳು.

ಅವರು ನನ್ನನ್ನು ಗುರುತಿಸಿದರು. ಚೀಟಿ ಪಕ್ಕಕ್ಕಿಟ್ಟು ಎದ್ದು ಬಂದರು.

"ಕೂತ್ಕೊಳ್ಳಿ. ನಾನೇ ತೆಗಿತೇನೆ."

ಪಕ್ಕದವಳು ಏನೋ ಹೇಳಹೊರಟಳು. "ಇವರು ಬೇಡ ಅನ್ನೋದಿಲ್ಲ," ಎಂದರು ಅವರು ನನ್ನನ್ನು ತೋರಿಸಿ.

ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಮೊದಲ ಸಲ ಸೂಜಿ ನರದ ಪಕ್ಕಕ್ಕೆ ಹೋಯಿತು. ಎರಡನೇ ಸಲ ಬೆರಳು ಜಾರಿ ಸೂಜಿ ಮಾಂಸದೊಳಗೆ ಅಡ್ಡ ಓಡಿತು, ನಾನು ಹಲ್ಲು ಕಚ್ಚಿದೆ. ಅವರ ಹಣೆಯಲ್ಲಿ ಬೆವರು. ತೋಳು ಹಿಂದಕ್ಕೆಳೆಯದೆ ಹಾಗೇ ಚಾಚಿಕೊಂಡು ಕೂತೆ. ಮೂರನೇ ಸಲಕ್ಕೆ ರಕ್ತ ಬಂತು. ಅವರು ಉಸಿರು ಬಿಟ್ಟು, ಕೊಳವೆ ತುಂಬುವುದನ್ನೇ ನೋಡುತ್ತ ನಿಂತರು.