ಗುರುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ

ಮನೆಯವರೆಲ್ಲ ಅವನನ್ನು ಬ್ಲಾಗಣ್ಣ ಎಂದೇ ಕರೆಯುತ್ತಿದ್ದರು. ಪ್ರೀತಿಯಿಂದ ಇಟ್ಟ ಹೆಸರು ಹದಿನಾಲ್ಕು ವರ್ಷದಲ್ಲಿ ಹಳಸಿ ಗೇಲಿಯಾಗಿತ್ತು. ತಂತ್ರಜ್ಞಾನದ ಸುದ್ದಿ ಬರೆಯುವ ಅವನ ಬ್ಲಾಗನ್ನು ಒಂದು ಕಾಲದಲ್ಲಿ ಕಂಪನಿಗಳ ಯಜಮಾನರು ಬೆಳಿಗ್ಗೆ ಎದ್ದ ಕೂಡಲೇ ತೆರೆದು ನೋಡುತ್ತಿದ್ದರಂತೆ. ಈಗ ದಿನಕ್ಕೆ ಇನ್ನೂರು ಜನ ಬಂದರೆ ಹೆಚ್ಚು, ಅವರಲ್ಲೂ ಅರ್ಧ ಜನ ಬೇರೆ ಏನನ್ನೋ ಹುಡುಕುತ್ತ ದಾರಿ ತಪ್ಪಿ ಬಂದವರು. ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ, ಒಂದು ಕಾಲು ಕುಂಟುವ ಮೇಜಿನ ಮುಂದೆ ಕೂತು, ಅವನು ಆ ಇನ್ನೂರು ಜನರಿಗಾಗಿ ದಿನವೂ ಎಂಟುನೂರು ಪದ ಬರೆಯುತ್ತಿದ್ದ.

ಓದುಗರು ಕಡಿಮೆಯಾದರೇನು, ಅಭಿಪ್ರಾಯಗಳಿಗೇನೂ ಕೊರತೆಯಿರಲಿಲ್ಲ. ಹೊಸ ಫೋನಿನ ಡಬ್ಬಿ ಬಿಚ್ಚುತ್ತ ಕಿರುಚುವ ವಿಡಿಯೋದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಂಪನಿಯಿಂದ ಫೋನು ಬಿಟ್ಟಿಯಾಗಿ ಇಸಿದುಕೊಂಡು ಅದನ್ನೇ ಹೊಗಳುವವರು ಪತ್ರಕರ್ತರಲ್ಲ, ಭಟ್ಟಂಗಿಗಳು ಎನ್ನುತ್ತಿದ್ದ. ಸ್ಟಾರ್ಟಪ್ಪುಗಳ ಮೇಲಂತೂ ಇನ್ನೂ ಕೋಪ. ಇವರಿಗೆ ಗಿರಾಕಿಗಿಂತ ಮೊದಲು ಲೋಗೋ ಬೇಕು, ಪಕ್ಕದ ಬೀದಿಗೆ ಒಂದು ಸಾಮಾನು ತಲುಪಿಸಿದರೆ ಜಗತ್ತನ್ನೇ ಬದಲಿಸಿದೆವು ಎನ್ನುತ್ತಾರೆ ಎಂದು ಬರೆದಿದ್ದ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಿಜ ಹೇಳುವವನಿಗೆ ನಾಲ್ಕು ಜನ ಕೇಳುವವರೂ ಬೇಕಲ್ಲ, ಅವನ ಹಣೆಬರಹದಲ್ಲಿ ಅದಿರಲಿಲ್ಲ.

ಅವನಿಗೆ ಉಳಿದಿದ್ದ ಹೆಮ್ಮೆ ಒಂದೇ. ಕಂಪನಿಗಳು ದೊಡ್ಡ ಸುದ್ದಿಯನ್ನು ಬರೆಯುವವರಿಗೆ ಎರಡು ಮೂರು ದಿನ ಮುಂಚೆ ಕಳಿಸಿ, ಇಂಥ ದಿನ ಇಷ್ಟು ಗಂಟೆಯವರೆಗೆ ಹೊರಗೆ ಬಿಡಬೇಡಿ ಎಂದು ಗಡುವು ಹಾಕುತ್ತವೆ. ಆ ಗಡುವನ್ನು ಅವನು ಒಮ್ಮೆಯೂ ಮುರಿದವನಲ್ಲ. ಒಂದು ಗಂಟೆ ಮೊದಲು ಸುದ್ದಿ ಬಿಟ್ಟು ಕ್ಲಿಕ್ಕು ಬಾಚಿಕೊಂಡ ತಾಣಗಳ ಮೇಲೆ ಮೂರು ಕಂತು ಲೇಖನ ಬರೆದು ಉಗಿದಿದ್ದ.

ಒಂದು ಸೋಮವಾರ ಬೆಳಿಗ್ಗೆ ಅಂಥದ್ದೇ ಒಂದು ಮೇಲ್ ಬಂತು. ಮನೆಮನೆಯಿಂದ ಬಟ್ಟೆ ಒಯ್ದು, ಒಗೆದು, ಇಸ್ತ್ರಿ ಮಾಡಿ ತಂದುಕೊಡುವ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಳ್ಳುತ್ತಿತ್ತು. ವ್ಯಾನುಗಳು ಉಳಿಯುತ್ತವೆ, ಗಿರಾಕಿಗಳ ಪಟ್ಟಿ ಉಳಿಯುತ್ತದೆ. ದೂರು ಕೇಳುವ ವಿಭಾಗವನ್ನು ಗುರುವಾರವೇ ಮುಚ್ಚಿ, ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಗುವುದು. ಗುರುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಪ್ರಕಟಿಸುವಂತಿಲ್ಲ.

ಅವನು ಮೇಲ್ ಅನ್ನು ಮೊದಲಿನಿಂದ ಇನ್ನೊಮ್ಮೆ ಓದಿದ. ಆ ವಿಭಾಗ ನಡೆಸುತ್ತಿದ್ದವಳು ಅವನ ಸ್ವಂತ ಅಕ್ಕ. ಗಂಡ ತೀರಿಹೋದ ಮೇಲೆ ಮಗಳನ್ನೂ ಅತ್ತೆಯನ್ನೂ ಸಾಕುತ್ತಿದ್ದವಳು. ಕಳೆದುಹೋದ ಅಂಗಿ, ಬಣ್ಣ ಬಿಟ್ಟ ಸೀರೆ, ಬೇರೆಯವರ ಮನೆ ಸೇರಿದ ದಿಂಬಿನ ಚೀಲ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಸಿಕೊಳ್ಳುವ ಹನ್ನೊಂದು ಹುಡುಗಿಯರಿಗೆ ಅವಳೇ ಮುಖ್ಯಸ್ಥೆ.

ಮಂಗಳವಾರ ಮಧ್ಯಾಹ್ನ ಅಕ್ಕನೇ ಫೋನ್ ಮಾಡಿದಳು. ಕಣ್ಣಾಸ್ಪತ್ರೆಯೊಂದು ಅವಳನ್ನು ಸ್ವಾಗತ ವಿಭಾಗದ ಮೇಲ್ವಿಚಾರಕಿಯಾಗಿ ಕರೆದಿತ್ತು. ಬರುತ್ತೀರೋ ಇಲ್ಲವೋ ಎಂದು ಬುಧವಾರ ಸಂಜೆಯೊಳಗೆ ತಿಳಿಸಬೇಕಿತ್ತು. ಆಫೀಸಿನಲ್ಲಿ ಏನೇನೋ ಗುಸುಗುಸು ಕೇಳುತ್ತಿದೆ, ಆದರೆ ಈ ಹುಡುಗಿಯರನ್ನು ನಡುನೀರಿನಲ್ಲಿ ಬಿಟ್ಟು ಹೋಗಲು ಮನಸ್ಸು ಬಾರದು ಎಂದಳು. ಆಮೇಲೆ ನೇರವಾಗಿ ಕೇಳಿದಳು.

"ನಿನಗೆ ಎಲ್ಲಾ ಕಂಪನಿ ಒಳಗಿನ ಸುದ್ದೀನೂ ಗೊತ್ತಿರುತ್ತೆ. ನಮ್ಮದರ ಬಗ್ಗೆ ಏನಾದ್ರೂ ಕೇಳಿದ್ಯೇನೋ?"

ಮಾತು ನಾಲಿಗೆಯ ತುದಿಗೆ ಬಂತು. ನಿಯಮ ನಿಯಮವೇ, ಸ್ವಂತ ಅಕ್ಕನಾದರೂ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಅದು ಪೂರ್ತಿ ನಿಜವಲ್ಲ. ಅಕ್ಕ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರೆ ಸುದ್ದಿ ಎಲ್ಲಿಂದ ಸೋರಿತೆಂದು ಕಂಪನಿಯವರು ಊಹಿಸುತ್ತಾರೆ, ಮುಂದಿನ ಸಲ ಅವನಿಗೆ ಮೇಲ್ ಬರುವುದಿಲ್ಲ. ನೀನೂ ಒಬ್ಬ ಪತ್ರಕರ್ತ ಎಂದು ಜಗತ್ತಿನಲ್ಲಿ ಇನ್ನೂ ಒಪ್ಪುತ್ತಿದ್ದುದು ಆ ಮೇಲ್ ಒಂದೇ. ಅದನ್ನು ಕಳೆದುಕೊಳ್ಳಲು ಅವನಿಗೆ ಹೆದರಿಕೆಯಾಯಿತು.

"ನನಗೆ ಗೊತ್ತಿರೋ ಮಟ್ಟಿಗೆ ಏನೂ ಇಲ್ಲ ಅಕ್ಕ," ಎಂದ.

ಬುಧವಾರ ಸಂಜೆ ಅಕ್ಕನ ಸಂದೇಶ ಬಂತು. ಆಸ್ಪತ್ರೆಯವರಿಗೆ ಬೇಡವೆಂದು ತಿಳಿಸಿದಳಂತೆ, ಈಗ ಮನಸ್ಸು ಹಗುರವಾಯಿತಂತೆ. ಅವನು ಅದನ್ನು ಎರಡು ಸಲ ಓದಿ ಫೋನನ್ನು ಮಗುಚಿಟ್ಟ.

ಗುರುವಾರ ಒಂಬತ್ತಕ್ಕೇ ಇನ್ನೊಂದು ತಾಣ ಗಡುವು ಮುರಿದು ಸುದ್ದಿ ಬಿಟ್ಟಿತು. ಹತ್ತು ನಿಮಿಷಕ್ಕೆ ಕಂಪನಿಯ ಪ್ರಚಾರ ನೋಡಿಕೊಳ್ಳುವ ಹೆಂಗಸು, ಇನ್ನು ಎಲ್ಲರೂ ಪ್ರಕಟಿಸಬಹುದು ಎಂದು ಅವಸರದಲ್ಲಿ ಮೇಲ್ ಕಳಿಸಿದಳು. ಆ ಅವಸರದಲ್ಲಿ ಯಾರ ವಿಳಾಸವನ್ನೂ ಮುಚ್ಚಿರಲಿಲ್ಲ. ಮೇಲ್ ಹೋದ ಅರವತ್ತು ಮಂದಿಯ ಪಟ್ಟಿ ಪೂರ್ತಿ ಕಾಣುತ್ತಿತ್ತು. ಅದರಲ್ಲಿ ಡಬ್ಬಿ ಬಿಚ್ಚಿ ಕಿರುಚುವವರಿದ್ದರು, ಬೆಕ್ಕಿನ ವಿಡಿಯೋ ಮಾಡುವವನೊಬ್ಬನಿದ್ದ, ಎಂದೋ ಬರೆಯುವುದನ್ನು ಬಿಟ್ಟು ಜಮೀನು ದಲ್ಲಾಳಿಯಾದವನೂ ಇದ್ದ. ಅವರೆಲ್ಲರಿಗೂ ಸೋಮವಾರದಿಂದಲೇ ಗೊತ್ತಿತ್ತು. ಆದರೂ ನಮ್ಮ ಬ್ಲಾಗಣ್ಣ ಹಲ್ಲು ಕಚ್ಚಿ ಕಾದು, ಹತ್ತು ಹೊಡೆದ ಮೇಲೆಯೇ ಪ್ರಕಟಿಸಿದ. ಸಂಜೆಯವರೆಗೆ ಅದನ್ನು ನಲವತ್ತೊಂದು ಜನ ಓದಿದರು.

ಅಕ್ಕ ಆಫೀಸಿನಿಂದ ನೇರವಾಗಿ ಅವನ ಕೋಣೆಗೆ ಬಂದಳು. ಮೆಟ್ಟಿಲು ಹತ್ತಿದ ಏದುಸಿರು ಆರುವ ತನಕ ಮಂಚದ ಅಂಚಿನಲ್ಲಿ ಕೂತಳು. ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ನಿನಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ."

"ನಾನು ಫೋನ್ ಮಾಡಿದ್ದು ಮಂಗಳವಾರ."

ಅವನು ಗಡುವಿನ ನಿಯಮವನ್ನು ವಿವರಿಸತೊಡಗಿದ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು, ಈ ಕಸುಬಿನಲ್ಲಿ ಉಳಿದಿರುವುದು ಅದೊಂದೇ ಎಂದ. ಯಾರಿಗೆ ಮಾತು ಕೊಟ್ಟಿದ್ದೆ ಎಂದು ಅಕ್ಕ ಕೇಳಿದಳು. ಯಾರೂ ಅವನಿಂದ ಮಾತು ಕೇಳಿರಲಿಲ್ಲ. ಬಂದಿದ್ದ ಮೇಲ್‌ಗೆ ಅವನು ಉತ್ತರವನ್ನೂ ಬರೆದಿರಲಿಲ್ಲ.

"ನಾನು ಪ್ರಕಟಿಸು ಅಂತ ಕೇಳಲಿಲ್ಲ ಕಣೋ," ಎಂದಳು ಅಕ್ಕ. "ನನಗೆ ಹೇಳು ಅಂತ ಕೇಳಿದ್ದು. ನನ್ನದು ಹೋಗಲಿ ಬಿಡು. ಇಬ್ಬರು ಹುಡುಗೀರು ಬೇರೆ ಕಡೆ ಹೊರಟಿದ್ರು. ನನ್ನ ತಮ್ಮನೇ ಹೇಳಿದಾನೆ, ಏನೂ ಆಗಲ್ಲ, ಇಲ್ಲೇ ಇರಿ ಅಂತ ನಾನೇ ಅವರನ್ನ ತಡೆದೆ."

ಅಷ್ಟು ಹೇಳಿ ಎದ್ದಳು. ಅವನು ಕಾಫಿ ಮಾಡುತ್ತೇನೆಂದ, ಬೇಡವೆಂದು ಮೆಟ್ಟಿಲಿಳಿದು ಹೋದಳು.

ಆಸ್ಪತ್ರೆಯವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಏಳು ತಿಂಗಳು ಅಲೆದ ಮೇಲೆ ಅಕ್ಕನಿಗೆ ಔಷಧಿ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ದಿನವಿಡೀ ನಿಂತೇ ಮಾಡುವ ಕೆಲಸ. ಅವಳೇನೂ ತಮ್ಮನ ಜೊತೆ ಮಾತು ಬಿಡಲಿಲ್ಲ. ಮನೆಗೆ ಬರುತ್ತಾಳೆ, ಊಟ ಆಯ್ತಾ ಎನ್ನುತ್ತಾಳೆ, ಮಗಳ ಓದಿನ ಸುದ್ದಿ ಹೇಳುತ್ತಾಳೆ. ಹೋದ ವಾರ ಬಂದಾಗ ಅವಳ ಕೈಯಲ್ಲಿ ಹೊಸ ಫೋನಿತ್ತು. ಹದಿನಾಲ್ಕು ವರ್ಷ ಫೋನುಗಳ ಬಗ್ಗೆಯೇ ಬರೆದವನು ಅದನ್ನು ತಿರುವಿ ತಿರುವಿ ನೋಡಿ, ಯಾರನ್ನು ಕೇಳಿ ತಗೊಂಡೆ ಎಂದ.

"ಅಂಗಡಿಯವನನ್ನ," ಎಂದಳು ಅಕ್ಕ.